ಆಟಿಸಂ ಇರುವ ಮಗುವನ್ನು "ಬೇಗ ಬಂದು ಕರ್ಕೊಂಡು ಹೋಗಿ" ಅನ್ನುವುದೂ ಶಿಕ್ಷೆಯೇ ಅಲ್ವಾ?

ಕತ್ರಿಗುಪ್ಪೆ_ಅಮ್ಮ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮಗನಿಗೆ ಎಂಟು ವರ್ಷ, 3ನೇ ಕ್ಲಾಸು. ಆಟಿಸಂ ಇದೆ. ನಿಮ್ಹಾನ್ಸ್‌ನಲ್ಲಿ ತೋರಿಸಿದ್ದೇವೆ, ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ವೈಕಲ್ಯದ ಗುರುತಿನ ಚೀಟಿ) ಮಾಡಿಸಿದ್ದೇವೆ, ಶಾಲೆಗೆ ಸೇರಿಸುವಾಗಲೇ ಎಲ್ಲ ಕಾಗದ ಕೊಟ್ಟಿದ್ದೇವೆ. ಏನನ್ನೂ ಮುಚ್ಚಿಟ್ಟಿಲ್ಲ. ಓದಿನಲ್ಲಿ ಪರವಾಗಿಲ್ಲ, ಮಗ್ಗಿ ಅಂದರೆ ಪ್ರಾಣ. ಖಾಸಗಿ ಶಾಲೆ, ಹೆಸರು ಬೇಡ.

ಈ ವರ್ಷ ಕ್ಲಾಸ್ ಟೀಚರ್ ಬದಲಾದ ಮೇಲೆ ಫೋನ್ ಬರುವುದು ಜಾಸ್ತಿ ಆಗಿದೆ. "ಇವತ್ತು ಮಗು ಸೆಟಲ್ ಆಗ್ತಿಲ್ಲ ಮೇಡಂ, ಬಂದು ಕರ್ಕೊಂಡು ಹೋಗಿ." ನಾನು ಆಫೀಸಿನಲ್ಲಿ ಏನೋ ಒಂದು ನೆಪ ಹೇಳಿ ಓಡಬೇಕು. ಹಾಜರಿಯಲ್ಲಿ ಅರ್ಧ ದಿನ ರಜೆ ಅಂತ ಹಾಕುತ್ತಾರೆ, ನಾವೇ ಕೇಳಿ ತೆಗೆದುಕೊಂಡ ಹಾಗೆ. ಡೈರಿಯಲ್ಲಿ ಒಂದು ಸಾಲೂ ಇರುವುದಿಲ್ಲ.

ಕಳೆದ ವಾರ ಮಳೆ ಬಂತು, ಪಿ.ಟಿ. ಪಿರಿಯಡ್ ಕ್ಯಾನ್ಸಲ್ ಆಯಿತು, ಅದರ ಬದಲು ಬೇರೆ ಪಾಠ ತೆಗೆದುಕೊಂಡರು. ಇವನ ಡೆಸ್ಕಿನ ಮೇಲೆ ನಾವು ಅಂಟಿಸಿಕೊಟ್ಟ ಟೈಮ್‌ಟೇಬಲ್ ಕಾರ್ಡ್ ಇದೆ, ಚಿತ್ರ ಹಾಕಿರುವುದು. ಅದರ ಮೇಲೆ ಬೆರಳಿಟ್ಟು "ಪಿ.ಟಿ., ಪಿ.ಟಿ." ಅಂತ ಹೇಳುತ್ತಲೇ ಇದ್ದನಂತೆ. ಮಿಸ್ ಆ ಕಾರ್ಡನ್ನೇ ಕಿತ್ತು ಟೇಬಲ್ ಡ್ರಾಯರ್‌ಗೆ ಹಾಕಿದರು. ಇವನು ಜಾಮಿಟ್ರಿ ಬಾಕ್ಸ್ ಎಸೆದ. ಮುಂದಿನ ಸಾಲಿನ ಹುಡುಗಿಯ ಹಣೆಗೆ ಬಿದ್ದು ಊದಿಕೊಂಡಿತು. ಆ ಮಗುವಿನ ಅಮ್ಮನಿಗೆ ಅವತ್ತೇ ಸಂಜೆ ಫೋನ್ ಮಾಡಿ ಮಾತಾಡಿದ್ದೇನೆ. ಪೆಟ್ಟು ಪೆಟ್ಟೇ, ಅದನ್ನು ಸಣ್ಣದು ಅಂತ ನಾನು ಹೇಳುತ್ತಿಲ್ಲ.

ಈಗ ಪ್ರಿನ್ಸಿಪಾಲ್ ಹೇಳಿದ್ದು: ಒಂದು ವಾರ ಕಳಿಸಬೇಡಿ, ಆಮೇಲೆ ನಿಮ್ಮ ಖರ್ಚಿನಲ್ಲಿ ಶ್ಯಾಡೋ ಟೀಚರ್ (ತರಗತಿಯಲ್ಲಿ ಇವನ ಜೊತೆಗೇ ಇರುವ ಸಹಾಯಕರು) ಇಟ್ಟರೆ ಕಳಿಸಿ, ಇಲ್ಲ ಅಂದರೆ ಟಿಸಿ ತೆಗೆದುಕೊಳ್ಳಿ. ಎಲ್ಲವೂ ಬಾಯಿ ಮಾತು. ಹೀಗೆ ಮಾಡಬಹುದಾ? ಗೊತ್ತಿದ್ದವರು ಹೇಳಿ.

ಬಿಎಂಟಿಸಿ_ಕಿಟಕಿಸೀಟು:
ಬೇಜಾರು ಮಾಡ್ಕೋಬೇಡಿ ಮೇಡಂ, ಈಗ ಎಲ್ಲದಕ್ಕೂ ಒಂದೊಂದು ಹೆಸರು ಬಂದಿದೆ. ನಮ್ಮ ಕಾಲದಲ್ಲಿ ಮೇಷ್ಟ್ರು ಎರಡು ಬಿಟ್ಟರೆ ಎಲ್ಲ ಸರಿ ಹೋಗುತ್ತಿತ್ತು.

ಸರ್ಕಾರಿ_ಮೇಷ್ಟ್ರು:
@ಬಿಎಂಟಿಸಿ_ಕಿಟಕಿಸೀಟು ಸರಿ ಹೋಗುತ್ತಿರಲಿಲ್ಲ ಸ್ವಾಮಿ. ಸರಿ ಹೋಗದವರು ಶಾಲೆ ಬಿಟ್ಟು ಹೋಗುತ್ತಿದ್ದರು, ನಿಮ್ಮ ಕಣ್ಣಿಗೆ ಬೀಳಲಿಲ್ಲ ಅಷ್ಟೆ. ನಾನೂ ಬೆತ್ತ ಹಿಡಿದವರ ಕೈಯಲ್ಲೇ ಓದಿದವನು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಲ್ಲಿದೆ, ಅದರ 17ನೇ ಸೆಕ್ಷನ್ ಪ್ರಕಾರ ಹೊಡೆಯುವುದೂ ಇಲ್ಲ, ಮಾನಸಿಕ ಹಿಂಸೆಯೂ ಇಲ್ಲ. ಯಾವ ಮಗುವಿಗೂ.

ಅಮ್ಮಾ, ಟೀಚರ್ ಪರವಾಗಿಯೂ ಒಂದು ಮಾತು. ತರಗತಿ ತುಂಬ ಮಕ್ಕಳು, ತಿಂಗಳಿಗೆ ಇಷ್ಟು ಪಾಠ ಮುಗಿಸಲೇಬೇಕು ಅನ್ನುವ ಒತ್ತಡ, ಆಟಿಸಂ ಬಗ್ಗೆ ಬಿ.ಎಡ್.ನಲ್ಲಿ ಎಲ್ಲೋ ಒಂದು ಪಾಠ ಓದಿರುತ್ತಾರೆ. ಕಾರ್ಡ್ ಕಿತ್ತದ್ದು ಖಂಡಿತ ತಪ್ಪು. ಆದರೆ ಕಾರ್ಡ್ ಯಾಕೆ ಇದೆ ಅಂತ ಆ ಮಿಸ್‌ಗೆ ಯಾರಾದರೂ ಹೇಳಿದ್ದರಾ? ಹಳೇ ಟೀಚರ್ ಹೋಗುವಾಗ ಹೇಳಿ ಹೋದರಾ? ನಮ್ಮಲ್ಲಿ ಈ ಕೈ ಬದಲಾಗುವ ಹೊತ್ತಿಗೇ ಎಲ್ಲ ಕೆಡುತ್ತದೆ.

ಲಾಯರ್_ಬಸವನಗುಡಿ:
ಮೇಡಂ, ಮೊದಲ ಕೆಲಸ. ಟಿಸಿ ಅರ್ಜಿಗೆ ಸಹಿ ಹಾಕಬೇಡಿ. ಹೊರಗೆ ಹಾಕಿದೆವು ಅಂತ ಯಾವ ಶಾಲೆಯೂ ಬರೆಯುವುದಿಲ್ಲ, ಟಿಸಿಯಲ್ಲಿ "ಪೋಷಕರ ಕೋರಿಕೆಯ ಮೇರೆಗೆ" ಅಂತಲೇ ಬರುತ್ತದೆ. ನೀವೇ ಸಹಿ ಹಾಕಿಕೊಟ್ಟ ಮೇಲೆ ನಾಳೆ ಯಾರ ಹತ್ತಿರ ಹೋದರೂ ನಿಮ್ಮ ಕಾಗದವೇ ನಿಮಗೆ ಎದುರು ನಿಲ್ಲುತ್ತದೆ.

ಈಗ ಕಾನೂನು. ಆರ್‌ಟಿಇ, ಅಂದರೆ ಮೇಷ್ಟ್ರು ಹೇಳಿದ ಶಿಕ್ಷಣ ಹಕ್ಕು ಕಾಯ್ದೆ, ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಆ 25% ಸೀಟಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 16ನೇ ಸೆಕ್ಷನ್ ಪ್ರಕಾರ ಎಲಿಮೆಂಟರಿ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರಲ್ಲಿ ತಿದ್ದುಪಡಿ ಆಗಿ 5 ಮತ್ತು 8ರಲ್ಲಿ ಫೇಲ್ ಮಾಡಲು ದಾರಿ ಕೊಟ್ಟರು, ಆದರೆ ಹೊರಹಾಕುವಂತಿಲ್ಲ ಅನ್ನುವುದನ್ನು ಮುಟ್ಟಲಿಲ್ಲ. ಫೀಸು ಕೊಟ್ಟು ಓದುವ ಮಗುವಿಗೂ ಇದು ಅನ್ವಯ. "ಒಂದು ವಾರ ಬರಬೇಡ" ಅನ್ನುವುದರ ಬಗ್ಗೆ ಅಷ್ಟು ನೇರವಾದ ಸಾಲು ಇಲ್ಲ, ಶಾಲೆಗಳು ಆಟ ಆಡುವುದು ಈ ಸಂದಿಯಲ್ಲೇ.

ಆ ಸಂದಿ ಮುಚ್ಚುವುದು ವಿಕಲಚೇತನರ ಹಕ್ಕುಗಳ ಕಾಯ್ದೆ 2016. ಅದರಲ್ಲಿ ಪಟ್ಟಿ ಮಾಡಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಸರ್ಕಾರದ ಹಣ ಇರಲಿ ಬರೀ ಮಾನ್ಯತೆ ಇರಲಿ, ಅಂಥ ಶಾಲೆ ಮಗುವಿಗೆ ಬೇಕಾದ ಹೊಂದಾಣಿಕೆ (ಅದಕ್ಕೆ ತಕ್ಕಂತೆ ಮಾಡಿಕೊಡುವ ಬದಲಾವಣೆ) ಮಾಡಬೇಕು, ಆ ಮಗುವಿಗೆ ತಕ್ಕ ಬೆಂಬಲ ಕೊಡಬೇಕು ಅಂತ 16ನೇ ಸೆಕ್ಷನ್ ಹೇಳುತ್ತದೆ. (ಎರಡೂ ಕಾಯ್ದೆಯಲ್ಲಿ 16ನೇ ಸೆಕ್ಷನ್ನೇ ಬರುತ್ತದೆ, ಅರ್ಜಿಯಲ್ಲಿ ಕಲಸಿಬಿಡಬೇಡಿ.) ಹೊಂದಾಣಿಕೆ ಮಾಡಿಕೊಡದೆ ಇರುವುದನ್ನೇ ಈ ಕಾಯ್ದೆ ತಾರತಮ್ಯ ಅನ್ನುತ್ತದೆ. ಹಾಗಾಗಿ ನಿಮ್ಮ ಖರ್ಚಿನಲ್ಲಿ ಶ್ಯಾಡೋ ಇಟ್ಟರೆ ಮಾತ್ರ ಮಗು ಒಳಗೆ ಅನ್ನುವ ಷರತ್ತು ನಿಲ್ಲುವುದಿಲ್ಲ ಅನ್ನುವುದು ನನ್ನ ವಾದ.

ಒಂದು ತೀರ್ಪು ನೆನಪಿಟ್ಟುಕೊಳ್ಳಿ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು, ಮಾನಸಿಕ ಕಾಯಿಲೆ ಇದ್ದ ಸಿಆರ್‌ಪಿಎಫ್ ಅಧಿಕಾರಿಯ ಮೇಲಿನ ಶಿಸ್ತುಕ್ರಮದ ಬಗ್ಗೆ. ಆ ನಡವಳಿಕೆಗೆ ವೈಕಲ್ಯ ಒಂದೇ ಕಾರಣ ಆಗಿರಬೇಕಿಲ್ಲ, ಕಾರಣಗಳಲ್ಲಿ ಒಂದಾಗಿದ್ದರೂ ಸಾಕು, ರಕ್ಷಣೆ ಸಿಗುತ್ತದೆ ಅಂದರು. ಅಂಥವರನ್ನು ಎಲ್ಲರಂತೆ ಶಿಸ್ತುಕ್ರಮಕ್ಕೆ ಒಳಪಡಿಸುವುದು ಪರೋಕ್ಷ ತಾರತಮ್ಯ ಅಂದರು. ಅದು ನೌಕರಿಯ ಕೇಸು, ಶಾಲೆಯದ್ದಲ್ಲ. ಆದರೆ ಕಾಯ್ದೆ ಅದೇ, ತರ್ಕ ಎಂಟು ವರ್ಷದ ಮಗುವಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ.

ನಾಗರಬಾವಿ_ಅಪ್ಪ:
ನಮ್ಮ ಮಗಳದ್ದು ಇನ್ನೂ ಸರ್ಟಿಫಿಕೇಟ್ ಆಗಿಲ್ಲ, ಡಾಕ್ಟರ್ ರಿಪೋರ್ಟ್ ಮಾತ್ರ ಇದೆ. ವೈಕಲ್ಯ 40% ಇದ್ದರೆ ಮಾತ್ರ ನಿಮಗೆ ಹಕ್ಕು ಅಂತಾರೆ ಶಾಲೆಯವರು. ನಿಜವಾ ಸರ್?

ಲಾಯರ್_ಬಸವನಗುಡಿ:
@ನಾಗರಬಾವಿ_ಅಪ್ಪ ಅರ್ಧ ನಿಜ. ಮೀಸಲಾತಿಗೆ, 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣಕ್ಕೆ 40% ಬೇಕು. ಶಾಲೆಯೊಳಗಿನ ಹೊಂದಾಣಿಕೆಗೆ ಆ ಮಿತಿ ಇಲ್ಲ. 2021ರ ಫೆಬ್ರವರಿಯಲ್ಲಿ ಯುಪಿಎಸ್‌ಸಿ ಅಭ್ಯರ್ಥಿಯೊಬ್ಬರು ಪರೀಕ್ಷೆ ಬರೆಯಲು ಸಹಾಯಕ ಬೇಕು ಅಂತ ಹೋದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಆದರೂ ಸರ್ಟಿಫಿಕೇಟ್ ಮಾಡಿಸಿಬಿಡಿ, ಸುಮ್ನೆ ಪ್ರತಿ ಸಲ ವಾದ ಮಾಡುವುದು ತಪ್ಪುತ್ತದೆ.

ಸ್ಪೆಷಲ್‌ಎಜು_ವಿಜಯನಗರ:
ನಾನು ಸ್ಪೆಷಲ್ ಎಜುಕೇಟರ್. ಕಾನೂನು ಲಾಯರ್ ಸರ್ ಹೇಳಿದರು, ನಾನು ಆ ಜಾಮಿಟ್ರಿ ಬಾಕ್ಸ್ ಬಗ್ಗೆ ಮಾತಾಡುತ್ತೇನೆ.

ಶಾಲೆ ಬರೆದುಕೊಳ್ಳುವುದು "ಎಸೆದ" ಅನ್ನುವ ಒಂದೇ ಪದ. ನಾವು ಮೂರು ಕಾಲಂ ಹಾಕುತ್ತೇವೆ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮೊದಲ ಕಾಲಂನಲ್ಲಿ ನೋಡಿ: ಮಳೆ, ಪಿ.ಟಿ. ಇಲ್ಲ, ಯಾರೂ ಮುಂಚೆ ಹೇಳಲಿಲ್ಲ, ಮಗು ಕಾರ್ಡ್ ತೋರಿಸಿ ಮಾತಿನಲ್ಲೇ ಕೇಳಿತು, ಕಾರ್ಡ್ ಹೋಯಿತು. ಆ ಮಗು ಬಾಕ್ಸ್ ಎಸೆಯುವ ಮೊದಲು ಸರಿಯಾದ ದಾರಿಯಲ್ಲೇ ಕೇಳಿದೆ! ಅದು ಕೆಲಸ ಮಾಡಲಿಲ್ಲ. ಮೂರನೇ ಕಾಲಂನಲ್ಲಿ ಏನಿದೆ? ಮನೆಗೆ ಕಳಿಸಿದರು. ಗಲಾಟೆ ಇರುವ ತರಗತಿಯಿಂದ ಮನೆಗೆ. ಮಗು ಇದರಿಂದ ಏನು ಕಲಿಯುತ್ತದೆ ಹೇಳಿ? ಬಾಯಲ್ಲಿ ಹೇಳಿದರೆ ಯಾರೂ ಕೇಳಲ್ಲ, ಎಸೆದರೆ ಮನೆಗೆ ಬಿಡುತ್ತಾರೆ. ಶಿಕ್ಷೆ ಅಂತ ಶಾಲೆ ಅಂದುಕೊಂಡಿರುವುದು ಮಗುವಿಗೆ ಬಹುಮಾನ ಆಗಿರುತ್ತದೆ. ಮುಂದಿನ ತಿಂಗಳು ಇನ್ನೂ ಬೇಗ ಎಸೆಯುತ್ತಾನೆ, ಆಗ "ನೋಡಿ, ಹೆಚ್ಚಾಗ್ತಿದೆ" ಅಂತ ಫೋನ್ ಬರುತ್ತದೆ.

ಹಾಗಂತ ಎಲ್ಲ ಎಸೆತವೂ ಮೆಲ್ಟ್‌ಡೌನ್ (ತಡೆಯಲಾಗದೆ ಮಗು ಹತೋಟಿ ಕಳೆದುಕೊಳ್ಳುವುದು) ಅಲ್ಲ. ಕೆಲವು ಮಕ್ಕಳು ಪೆನ್ಸಿಲ್ ಕೊಡಲಿಲ್ಲ ಅಂತಲೂ ಎಸೆಯುತ್ತಾರೆ, ಆಟಿಸಂ ಇರುವವರೂ ಮಕ್ಕಳೇ ತಾನೇ. ನಾಲ್ಕು ಸಲ ಬರೆದುಕೊಂಡರೆ ವ್ಯತ್ಯಾಸ ತಾನಾಗೇ ಕಾಣುತ್ತದೆ. ಮೆಲ್ಟ್‌ಡೌನ್ ಆಗುವಾಗ ಮಗು ನಿಮ್ಮ ಮುಖ ನೋಡಿಕೊಂಡು ನಿಲ್ಲಿಸುವುದಿಲ್ಲ, ಕೇಳಿದ್ದು ಕೊಟ್ಟರೂ ನಿಲ್ಲುವುದಿಲ್ಲ. ಆಗ ಬುದ್ಧಿ ಹೇಳುವುದು, ಕೈ ಹಿಡಿದು ಎಳೆಯುವುದು, ಸಾರಿ ಹೇಳು ಅಂತ ಒತ್ತಾಯ ಮಾಡುವುದು, ಎಲ್ಲ ಬೆಂಕಿಗೆ ತುಪ್ಪವೇ. ಮಾತು ಕಡಿಮೆ ಮಾಡಿ, ಬೇರೆ ಮಕ್ಕಳನ್ನು ಸರಿಸಿ, ಜಾಗ ಕೊಡಿ.

ಸ್ಪೆಕ್ಟ್ರಮ್_ಮಾರತಹಳ್ಳಿ:
ನನಗೆ ಆಟಿಸಂ ಇದೆ ಅಂತ ಗೊತ್ತಾಗಿದ್ದು ಕೆಲಸಕ್ಕೆ ಸೇರಿದ ಮೇಲೆ. ಮೇಲೆ ಬರೆದಿದ್ದಾರಲ್ಲ, ಶಿಕ್ಷೆ ಬಹುಮಾನ ಆಗುತ್ತದೆ ಅಂತ, ಅದು ನೂರಕ್ಕೆ ನೂರು ನಿಜ. ನನ್ನನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ಕಾರಿಡಾರ್‌ನಲ್ಲಿ ತಂಪಾಗಿತ್ತು, ಫ್ಯಾನಿನ ಟಕ್ ಟಕ್ ಇಲ್ಲ, ಐವತ್ತು ಜನ ಒಟ್ಟಿಗೆ ಪದ್ಯ ಹೇಳುವುದು ಇಲ್ಲ. ಮಿಕ್ಸಿ ಓಡುವಾಗ ಅದರ ಪಕ್ಕ ಕೂತು ಫೋನಿನಲ್ಲಿ ಮಾತಾಡಿ ನೋಡಿ, ತರಗತಿ ನನಗೆ ಹಾಗಿತ್ತು. ಹೊರಗೆ ನಿಲ್ಲಲು ಏನು ಮಾಡಬೇಕು ಅಂತ ಬೇಗ ಕಲಿತೆ: ಪಕ್ಕದವನ ಪುಸ್ತಕ ಕೆಳಗೆ ಬೀಳಿಸಿದರೆ ಸಾಕು. ಪಾಪ ಅವನು.

ಹೊರಗೆ ಹೋಗಬೇಕು ಅಂತ ತೋರಿಸಲು ನನಗೆ ಒಂದು ಚೀಟಿ ಕೊಟ್ಟಿದ್ದರೆ ಅವನ ಪುಸ್ತಕ ಉಳಿಯುತ್ತಿತ್ತು.

ಇನ್ನೊಂದು. ಅಸೆಂಬ್ಲಿಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಕ್ಷಮೆ ಕೇಳಿಸುತ್ತಾರಲ್ಲ, ದಯವಿಟ್ಟು ಅದಕ್ಕೆ ಒಪ್ಪಬೇಡಿ. ಏನು ತಪ್ಪು ಮಾಡಿದೆ ಅನ್ನುವುದು ಮರೆತುಹೋಗಿದೆ, ಮೈಕ್ ಕಿರುಚಿದ್ದು ಮಾತ್ರ ಇವತ್ತಿಗೂ ನೆನಪಿದೆ.

ದಾಸರಹಳ್ಳಿ_ಅಪ್ಪ:
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನಾನು ಆ ಕಡೆಯ ಅಪ್ಪ. ಇದೇ ಹುಡುಗಿಯ ಅಪ್ಪ ಅಲ್ಲ, ಬೇರೆ ಶಾಲೆ. ನನ್ನ ಮಗಳ ಕೈಯನ್ನು ತರಗತಿಯ ಒಬ್ಬ ಹುಡುಗ ಕಚ್ಚಿದ್ದಾನೆ, ಒಂದು ಸಲ ಅಲ್ಲ. ಶಾಲೆ ಕೇಳಿದರೆ "ಅವನು ಸ್ಪೆಷಲ್ ಚೈಲ್ಡ್ ಸರ್, ಅರ್ಥ ಮಾಡ್ಕೊಳ್ಳಿ." ಅರ್ಥ ಮಾಡಿಕೊಂಡೆ. ಮಗಳು ಬೆಳಗ್ಗೆ ಹೊಟ್ಟೆ ನೋವು ಅಂತ ಅಳುತ್ತಾಳೆ. ಅವಳಿಗೂ ಶಾಲೆಯ ಹಕ್ಕು ಇದೆ ಅಲ್ವಾ? ಕಾನೂನು ಅಂತ ಹೇಳಿ ಏನೂ ಮಾಡದೇ ಇರುವುದು ಯಾವ ನ್ಯಾಯ?

ಕತ್ರಿಗುಪ್ಪೆ_ಅಮ್ಮ:
ಸರ್, ನಿಮ್ಮ ಮಗಳ ವಿಷಯ ಓದಿ ಸಂಕಟ ಆಯಿತು. ನಾನು ಏನೂ ಮಾಡಬೇಡಿ ಅನ್ನುತ್ತಿಲ್ಲ. ಏನಾದರೂ ಮಾಡಿ ಅಂತಲೇ ಕೇಳುತ್ತಿದ್ದೇನೆ. ಮನೆಗೆ ಕಳಿಸುವುದು ಏನೂ ಮಾಡದೆ ಇರುವುದೇ.

ಸ್ಪೆಷಲ್‌ಎಜು_ವಿಜಯನಗರ:
@ದಾಸರಹಳ್ಳಿ_ಅಪ್ಪ ನಿಮ್ಮ ಸಿಟ್ಟು ನ್ಯಾಯವಾಗಿದೆ ಸರ್. "ಸ್ಪೆಷಲ್ ಚೈಲ್ಡ್, ಅರ್ಥ ಮಾಡ್ಕೊಳ್ಳಿ" ಅನ್ನುವುದು ಉತ್ತರವೇ ಅಲ್ಲ, ಕೈ ತೊಳೆದುಕೊಳ್ಳುವ ಮಾತು. ಕಚ್ಚುವುದು ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಪಕ್ಕ ಕೂತಾಗ ಅಂತ ಶಾಲೆ ಬರೆದುಕೊಂಡಿದೆಯಾ ಅಂತ ಕೇಳಿ. ನಾನು ನೋಡಿದ ಒಂದು ಮಗು ಊಟದ ಬೆಲ್ ಹೊಡೆದ ಮೇಲೆ ಸಾಲು ನಿಂತಾಗ ಮಾತ್ರ ಕಚ್ಚುತ್ತಿತ್ತು. ಹಿಂದೆ ಮುಂದೆ ಮೈ ತಾಗುವುದು ಅದಕ್ಕೆ ಆಗುತ್ತಿರಲಿಲ್ಲ. ಐದು ನಿಮಿಷ ಮೊದಲು ಆಯಾ ಜೊತೆ ಕೈ ತೊಳೆಯಲು ಕಳಿಸಿದರು. ನಿಂತಿತು. ಎಲ್ಲ ಇಷ್ಟು ಸುಲಭ ಅಲ್ಲ, ಆದರೆ ಎಷ್ಟೋ ಸಲ ಇಷ್ಟೇ ಇರುತ್ತದೆ.

ನಿಮ್ಮ ಮಗಳ ಸೀಟು ಬದಲಾಯಿಸಿ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಯಾರಾದರೂ ದೊಡ್ಡವರು ಅವಳ ಹತ್ತಿರ ಕೂತು ಮಾತಾಡಬೇಕು. ಆ ಹುಡುಗನೂ ತಾನು ಮಾಡಿದ್ದಕ್ಕೆ ಏನಾದರೂ ಮಾಡಬೇಕು, ಅವನಿಗೆ ಆಗುವ ರೀತಿಯಲ್ಲಿ: ಬಿದ್ದಿದ್ದು ಎತ್ತಿಡುವುದು, ಬರೆದು ಕೊಡುವುದು. ಅದೂ ಎಲ್ಲ ತಣ್ಣಗಾದ ಮೇಲೆ.

ಬಿಎಂಟಿಸಿ_ಕಿಟಕಿಸೀಟು:
ಸರಿ, ಏಟಿನ ಮಾತು ಬಿಡಿ. ಆದರೆ ಒಂದು ಶಾಲೆಯಲ್ಲಿ ಇಬ್ಬರಿಗೆ ಎರಡು ರೂಲ್ಸ್ ಅಂದರೆ ಮಿಕ್ಕ ಮಕ್ಕಳು ಏನು ಕಲಿಯುತ್ತಾರೆ?

ಸರ್ಕಾರಿ_ಮೇಷ್ಟ್ರು:
ರೂಲ್ ಒಂದೇ ಸರ್, ಯಾರಿಗೂ ನೋವು ಮಾಡಬಾರದು. ಅಲ್ಲಿಗೆ ತಲುಪಿಸುವ ದಾರಿ ಬೇರೆ. ಕನ್ನಡಕ ಹಾಕಿಕೊಂಡ ಹುಡುಗನನ್ನು ಮುಂದೆ ಕೂರಿಸಿದರೆ ಮಿಕ್ಕವರು ಯಾರೂ ಜಗಳ ತೆಗೆಯಲ್ಲ. ಮಕ್ಕಳಿಗೆ ಇದು ನಮಗಿಂತ ಬೇಗ ಅರ್ಥ ಆಗುತ್ತದೆ.

ನ್ಯೂಜೆರ್ಸಿ_ಕನ್ನಡಿಗ:
ಬೆಂಗಳೂರಿನವನೇ, ಈಗ ಇಲ್ಲಿದ್ದೇನೆ, ಮಗನಿಗೆ ಆಟಿಸಂ. ಇಲ್ಲಿ ಹೇಗೆ ಅಂತ ಹೇಳುತ್ತೇನೆ, ಹೋಲಿಕೆಗೆ ಮಾತ್ರ. ಐಡಿಇಎ ಅಂತ ಒಂದು ಫೆಡರಲ್ ಕಾನೂನು ಇದೆ. ಅದರಡಿ ಬರುವ ಮಗುವನ್ನು ಸತತವಾಗಿ 10 ಶಾಲಾ ದಿನಕ್ಕಿಂತ ಜಾಸ್ತಿ ಹೊರಗಿಡಲು ಹೊರಟರೆ, ತೀರ್ಮಾನ ಮಾಡಿದ 10 ಶಾಲಾ ದಿನದೊಳಗೆ ಅಪ್ಪ ಅಮ್ಮನ ಜೊತೆ ಕೂತು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಈ ನಡವಳಿಕೆಗೂ ವೈಕಲ್ಯಕ್ಕೂ ನೇರ ಸಂಬಂಧ ಇದೆಯಾ? ಮಗುವಿಗೆ ಮಾಡಿಕೊಟ್ಟ ಐಇಪಿಯನ್ನು (ಆ ಮಗುವಿಗೆಂದೇ ಬರೆದ ಕಲಿಕೆಯ ಯೋಜನೆ) ಶಾಲೆ ಪಾಲಿಸದೇ ಇದ್ದುದರಿಂದ ಆಯಿತಾ? ಯಾವುದಕ್ಕಾದರೂ ಹೌದು ಅಂತ ಬಂದರೆ ಸಾಮಾನ್ಯವಾಗಿ ಮಗು ವಾಪಸ್ ತರಗತಿಗೆ, ನಡವಳಿಕೆಗೆ ಒಂದು ಯೋಜನೆ. ಆಯುಧ, ಡ್ರಗ್ಸ್, ಯಾರಿಗಾದರೂ ಗಂಭೀರ ಗಾಯ, ಇವುಗಳಲ್ಲಿ ಮಾತ್ರ 45 ಶಾಲಾ ದಿನದ ತನಕ ಬೇರೆ ಕಡೆ ಕಳಿಸಬಹುದು.

ನಿಮ್ಮ ತಲೆಬರಹದ ಪ್ರಶ್ನೆಗೆ ಇಲ್ಲಿಯ ಉತ್ತರ: 2022ರ ಜುಲೈನಲ್ಲಿ ಇಲ್ಲಿನ ಶಿಕ್ಷಣ ಇಲಾಖೆ ಕೊಟ್ಟ ಮಾರ್ಗಸೂಚಿಯಲ್ಲಿ ಈ "ಬೇಗ ಬಂದು ಕರ್ಕೊಂಡು ಹೋಗಿ" ಫೋನುಗಳನ್ನೂ ಅನೌಪಚಾರಿಕವಾಗಿ ಹೊರಗಿಡುವುದು ಅಂತಲೇ ನೋಡಿದ್ದಾರೆ. ಕಾನೂನು ಇದ್ದರೂ ಇಲ್ಲಿಯ ಶಾಲೆಗಳೂ ಫೋನ್ ಮಾಡುತ್ತವೆ, ಅದು ಬೇರೆ ಮಾತು.

ಲಾಯರ್_ಬಸವನಗುಡಿ:
ಅದು ಅಮೆರಿಕದ ಕಾನೂನು, ಇಲ್ಲಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮುಂದೆ ಐಡಿಇಎ ಅಂದರೆ ನಡೆಯಲ್ಲ. ಆದರೆ ಆ ಎರಡು ಪ್ರಶ್ನೆ ಮಾತ್ರ ಚೆನ್ನಾಗಿವೆ. ಮೀಟಿಂಗಿನಲ್ಲಿ ಕೇಳಿ, ಕೇಳಲು ಯಾವ ಕಾನೂನೂ ಬೇಕಾಗಿಲ್ಲ. ನಿಮ್ಮ ಕೇಸಿನಲ್ಲಿ ಎರಡನೆಯದ್ದಕ್ಕೆ ಉತ್ತರ ಆ ಟೇಬಲ್ ಡ್ರಾಯರ್‌ನಲ್ಲೇ ಇದೆ.

ಮಲ್ಲೇಶ್ವರ_ತಾಯಿ:
ನನ್ನ ಮಗ 9ನೇ ತರಗತಿ. ಹಾಗಾದರೆ ನಮಗೆ ಆರ್‌ಟಿಇ ಇಲ್ಲವಾ? ಮೇಲಾಗಿ ಅಲ್ಪಸಂಖ್ಯಾತ ಸಂಸ್ಥೆಯ ಶಾಲೆ.

ಲಾಯರ್_ಬಸವನಗುಡಿ:
@ಮಲ್ಲೇಶ್ವರ_ತಾಯಿ ಆರ್‌ಟಿಇ 14 ವರ್ಷ, 8ನೇ ತರಗತಿ ತನಕ. ಅಲ್ಪಸಂಖ್ಯಾತ ಶಾಲೆಗಳಿಗೆ ಅದು ಅನ್ವಯಿಸಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2025ರಲ್ಲಿ ಅದನ್ನು ಮತ್ತೆ ನೋಡಬೇಕು ಅಂತ ದೊಡ್ಡ ಪೀಠಕ್ಕೆ ಕಳಿಸುವ ಮಾತು ಬಂದಿದೆ. ಅದನ್ನು ನಂಬಿ ಕೂರಬೇಡಿ. 2016ರ ಕಾಯ್ದೆಗೆ ತರಗತಿಯ ಮಿತಿ ಇಲ್ಲ, ಸರ್ಕಾರದ ಮಾನ್ಯತೆ ಇದ್ದರೆ ಸಾಕು. ಅದನ್ನೇ ಹಿಡಿದುಕೊಳ್ಳಿ.

ಸರ್ಕಾರಿ_ಮೇಷ್ಟ್ರು:
ಸರ್ಕಾರಿ ಶಾಲೆಯ ಪೋಷಕರು ಯಾರಾದರೂ ಓದುತ್ತಿದ್ದರೆ: ನಿಮ್ಮ ವಲಯದ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಅನ್ನುವ ಶಿಕ್ಷಕರು ಇರುತ್ತಾರೆ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ. ಅವರನ್ನು ಶಾಲೆಗೆ ಕರೆಸಿ ಅಂತ ಮುಖ್ಯ ಶಿಕ್ಷಕರಿಗೆ ಹೇಳಿ. ಒಬ್ಬರೇ ಎಷ್ಟೋ ಶಾಲೆ ಸುತ್ತುತ್ತಾರೆ, ಕೇಳದಿದ್ದರೆ ನಿಮ್ಮ ಸರದಿ ಬರುವುದೇ ಇಲ್ಲ. ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ತರಗತಿಗಳಲ್ಲಿ ಇಂಥ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೇಳಿದೆ.

ಕತ್ರಿಗುಪ್ಪೆ_ಅಮ್ಮ:
ಎಲ್ಲರಿಗೂ ಧನ್ಯವಾದ. ಲಾಯರ್ ಸರ್, ನಾಳೆ ಈಮೇಲ್ ಕಳಿಸೋಣ ಅಂತಿದ್ದೇನೆ. ಏನು ಬರೆಯಲಿ? ಜಗಳದ ಹಾಗೆ ಕಾಣಬಾರದು, ಅವನು ಅಲ್ಲೇ ಓದಬೇಕು.

ಲಾಯರ್_ಬಸವನಗುಡಿ:
ಸಣ್ಣದಾಗಿ ಬರೆಯಿರಿ. ಸೆಕ್ಷನ್‌ಗಳ ಪಟ್ಟಿ ಬೇಡ. ಹೀಗೆ:

"ಮಾನ್ಯರೇ, ನಮ್ಮ ಮಗನನ್ನು ಒಂದು ವಾರ ಶಾಲೆಗೆ ಕಳಿಸಬಾರದು ಎಂದು ತಾವು ಮೌಖಿಕವಾಗಿ ತಿಳಿಸಿದ್ದೀರಿ. ಇದಕ್ಕೆ ಕಾರಣ ಮತ್ತು ಇದು ಯಾವ ನಿಯಮದಡಿ ಎಂಬುದನ್ನು ಲಿಖಿತವಾಗಿ ಕೊಡಿ. ಆ ದಿನದ ಘಟನೆಯ ವರದಿಯ ಪ್ರತಿ ಕೊಡಿ. ಅವನಿಗೆ ಆಟಿಸಂ ಇರುವುದು ತಮಗೆ ದಾಖಲೆ ಸಮೇತ ತಿಳಿದಿದೆ. 2016ರ ಕಾಯ್ದೆಯಂತೆ ಅವನಿಗೆ ಬೇಕಾದ ಹೊಂದಾಣಿಕೆಗಳ ಬಗ್ಗೆ, ಇತರ ಮಕ್ಕಳ ಸುರಕ್ಷತೆಯ ಬಗ್ಗೆ ಕೂತು ಮಾತನಾಡಲು ಸಮಯ ಕೊಡಿ. ಲಿಖಿತ ಆದೇಶ ಬಾರದಿದ್ದಲ್ಲಿ ಅವನನ್ನು ಎಂದಿನಂತೆ ಶಾಲೆಗೆ ಕಳಿಸುತ್ತೇವೆ."

ಕೊನೆಯ ಸಾಲೇ ಮುಖ್ಯ. ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ ಹಾಕಲು ಬಹಳ ಶಾಲೆಗಳು ಹಿಂಜರಿಯುತ್ತವೆ.

ಉತ್ತರ ಬರದಿದ್ದರೆ ಬಿಇಒ, ಆಮೇಲೆ ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು). ಜೊತೆಗೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅರ್ಜಿ ಕೊಡಬಹುದು, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವೂ ಇದೆ. ವಕೀಲರು ಬೇಕೇಬೇಕು ಅಂತಿಲ್ಲ, ನೀವೇ ಬರೆದುಕೊಡಬಹುದು. ಕಚೇರಿಯ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹೊಡೆದಿದ್ದರೆ, ಕೋಣೆಯಲ್ಲಿ ಕೂಡಿ ಹಾಕಿದ್ದರೆ ದಾರಿ ಬೇರೆ: ಬಾಲನ್ಯಾಯ ಕಾಯ್ದೆ 2015ರ 75ನೇ ಸೆಕ್ಷನ್ ಇದೆ, ಅಂಥದ್ದಕ್ಕೆ 1098ಕ್ಕೆ ಕರೆ ಮಾಡಿ, ಪತ್ರ ಬರೆಯುತ್ತಾ ಕೂರಬೇಡಿ.

ಸ್ಪೆಷಲ್‌ಎಜು_ವಿಜಯನಗರ:
ಮೀಟಿಂಗಿಗೆ ಒಂದೇ ಪುಟ ತೆಗೆದುಕೊಂಡು ಹೋಗಿ, ಫೈಲ್ ಪೂರ್ತಿ ಬೇಡ, ಯಾರೂ ಓದಲ್ಲ. ಪುಟದಲ್ಲಿ ಇಷ್ಟು ಸಾಕು: ಟೈಮ್‌ಟೇಬಲ್ ಬದಲಾದರೆ ಮೊದಲೇ ಹೇಳಿ, ಕಾರ್ಡಿನ ಮೇಲೆ ಹೊಸ ಪಿರಿಯಡ್ ಅಂಟಿಸಿ. ಬ್ರೇಕ್ ಕಾರ್ಡ್ ತೋರಿಸಿದರೆ ಐದು ನಿಮಿಷ ಹೊರಗೆ ಬಿಡಿ, ಯಾಕೆ ಅಂತ ಕೇಳಬೇಡಿ. ಹೊರಗೆ ಎಲ್ಲಿ ಕೂರಬೇಕು, ಯಾರು ಜೊತೆಗಿರುತ್ತಾರೆ, ಬಾಗಿಲು ತೆರೆದೇ ಇರಬೇಕು, ಆಮೇಲೆ ವಾಪಸ್ ತರಗತಿಗೇ ಬರಬೇಕು. ಮನೆಗೆ ಫೋನ್ ಮಾಡುವುದು ಕೊನೆಯದ್ದು, ಮಾಡಿದರೆ ಡೈರಿಯಲ್ಲಿ ಸಮಯ, ಕಾರಣ, ಸಹಿ. ಆ ಹೊಸ ಮಿಸ್ ಮೀಟಿಂಗಿನಲ್ಲಿ ಇರಲೇಬೇಕು. ಪ್ರಿನ್ಸಿಪಾಲ್ ಒಬ್ಬರೇ ತಲೆ ಆಡಿಸಿದರೆ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ.

ಕತ್ರಿಗುಪ್ಪೆ_ಅಮ್ಮ:
ಈಮೇಲ್ ಕಳಿಸಿದ್ದೆ. ಉತ್ತರ ಬಂತು: "ನಾವು ಬರಬೇಡಿ ಎಂದು ಹೇಳಿಲ್ಲ, ಮಗುವಿನ ಹಿತದೃಷ್ಟಿಯಿಂದ ವಿಶ್ರಾಂತಿ ಸೂಚಿಸಿದ್ದೆವು." ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಮಾರನೇ ದಿನವೇ ಕಳಿಸಿದೆ, ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಗುರುವಾರ ಮೀಟಿಂಗ್. ಮಿಸ್ ಬರುತ್ತಾರೆ. ಶ್ಯಾಡೋ ವಿಷಯ ಮಾತ್ರ ಬಿಟ್ಟಿಲ್ಲ, "ಅದನ್ನು ಚರ್ಚಿಸೋಣ" ಅಂದಿದ್ದಾರೆ.

ದಾಸರಹಳ್ಳಿ_ಅಪ್ಪ:
ಒಳ್ಳೆಯದಾಗಲಿ. ನಾನೂ ನಮ್ಮ ಶಾಲೆಗೆ ಬರೆಯುತ್ತೇನೆ, ಆ ಮೂರು ಕಾಲಂ ಇಟ್ಟಿದ್ದೀರಾ ತೋರಿಸಿ ಅಂತ. ಮಗಳ ಸೀಟು ಬದಲಾಯಿಸಿ ಅಂತಲೂ ಬರೆಯುತ್ತೇನೆ, ಅದನ್ನು ಬಿಡಲ್ಲ.

ಕತ್ರಿಗುಪ್ಪೆ_ಅಮ್ಮ:
ಬಿಡಬೇಡಿ ಸರ್. ಲಾಯರ್ ಸರ್, ಹಾಜರಿಯಲ್ಲಿ ಆ ಅರ್ಧ ದಿನಗಳೆಲ್ಲ ನಮ್ಮ ರಜೆ ಅಂತಲೇ ಇವೆಯಲ್ಲ, ಅದಕ್ಕೆ ಏನು ಮಾಡುವುದು?

ಲಾಯರ್_ಬಸವನಗುಡಿ:
ಅವರು ಫೋನ್ ಮಾಡಿದ ದಿನಗಳು ನಿಮ್ಮ ಮೊಬೈಲಿನ ಕಾಲ್ ಲಾಗ್‌ನಲ್ಲಿ ಇರುತ್ತವೆ, ಹಳೆಯವು ಅಳಿಸಿ ಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ ಸಮೇತ ಒಂದು ಪಟ್ಟಿ ಮಾಡಿ, "ಈ ದಿನಗಳಲ್ಲಿ ಶಾಲೆಯ ಕರೆಯ ಮೇರೆಗೆ ಮಗುವನ್ನು ಕರೆದೊಯ್ದಿದ್ದೇವೆ, ಪೋಷಕರು ಕೋರಿದ ರಜೆಯಲ್ಲ" ಅಂತ ಬರೆದು ಗುರುವಾರ ಮೀಟಿಂಗಿನಲ್ಲಿ ಕೊಡಿ, ಮಿನಿಟ್ಸ್‌ನಲ್ಲಿ ಸೇರಿಸಲು ಹೇಳಿ. ಸೇರಿಸದಿದ್ದರೆ ಅವತ್ತು ಸಂಜೆಯೇ ಅದನ್ನೇ ಈಮೇಲ್ ಮಾಡಿ.